ಲಸೋಟ ಲಸಿಕೆ: ಮದ್ದು ಗಟ್ಟಿ, ಸೀಸೆ ದೊಡ್ಡದು

ಕೋಳಿಗಳ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಚಿಕಿತ್ಸೆ ಇಲ್ಲ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ತಿರುಚಿದ ಕುತ್ತಿಗೆ ಕಂಡ ಮೇಲೆ ನೀರಿಗೆ ಬೆರೆಸುವ ಆ್ಯಂಟಿಬಯೋಟಿಕ್ ಪುಡಿ ವೈರಸ್ಸಿಗೆ ತಾಗುವುದೇ ಇಲ್ಲ. ಉಳಿದಿರುವ ದಾರಿ ಮುಂಚೆಯೇ ಲಸಿಕೆ ಹಾಕುವುದು. ದನದ ಔಷಧಿ ಅಂಗಡಿಯಲ್ಲಿ ಸಿಗುವ, ಈ ರೋಗದ ಲಸಿಕೆಯಾದ ಲಸೋಟದ ಸೀಸೆ ಹಿತ್ತಲಲ್ಲಿ ಹತ್ತಿಪ್ಪತ್ತು ನಾಟಿ ಕೋಳಿ ಸಾಕುವವರಿಗೆ ಎಷ್ಟು ಒಗ್ಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ತಳಿ ಹಳೆಯದು. 1946ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕೋಳಿ ಫಾರಂ ಒಂದರಲ್ಲಿ ಸಿಕ್ಕ ಸೌಮ್ಯ ವೈರಸ್ಸಿಗೆ ಆ ಫಾರಂ ಮಾಲೀಕರ ಹೆಸರೇ ಅಂಟಿಕೊಂಡಿತು. ಈಗ ಊರೂರು ಸುತ್ತುವ ರೋಗದ ವೈರಸ್ಸುಗಳು ಬೇರೆ ಜೀನೋಟೈಪಿನವು, ಅಂದರೆ ಬೇರೆ ವಂಶವಾಹಿ ಗುಂಪಿನವು. ಆದರೂ ಸರಿಯಾಗಿ ಹಾಕಿದರೆ ಲಸೋಟ ಕೋಳಿಯನ್ನು ಸಾವಿನಿಂದ ಉಳಿಸುತ್ತದೆ. ಸೋಂಕನ್ನು ಮಾತ್ರ ಪೂರ್ತಿ ತಡೆಯದು; ಲಸಿಕೆ ಪಡೆದ ಕೋಳಿಯೂ ಹಿಕ್ಕೆಯಲ್ಲಿ ವೈರಸ್ ಬಿಡಬಹುದು. ಸಂತೆಯಿಂದ ತಂದ ಹುಂಜವನ್ನು ಎರಡು ವಾರ ಬೇರೆ ಗೂಡಲ್ಲಿ ಇಡುವ ಕೆಲಸ ಲಸಿಕೆ ಹಾಕಿದ ಮೇಲೂ ತಪ್ಪುವುದಿಲ್ಲ.

ಕೊಳ್ಳುವಾಗ ಅವಧಿ ದಿನಾಂಕದ ಜೊತೆಗೆ ಸೀಸೆಯ ತಳವನ್ನೂ ನೋಡಿ. ಒಣಗಿಸಿದ ಲಸಿಕೆಯ ಬಿಲ್ಲೆ ಗಟ್ಟಿಯಾಗಿ ಕೂತಿರಬೇಕು. ಕರಗಿ ಗಾಜಿಗೆ ಅಂಟಿಕೊಂಡಿದ್ದರೆ ಬೇಡ. ಲಸಿಕೆ ಕಲಸುವ ದ್ರಾವಕ ತುಂಬಿದ ಸಿರಿಂಜನ್ನು ರಬ್ಬರ್ ಬಿರಡೆಗೆ ಚುಚ್ಚಿದಾಗ ಸೀಸೆ ತಾನೇ ದ್ರಾವಕವನ್ನು ಎಳೆದುಕೊಳ್ಳಬೇಕು. ಎಳೆಯದಿದ್ದರೆ ಒಳಗೆ ಗಾಳಿ ಹೋಗಿದೆ ಎಂದರ್ಥ, ಆ ಸೀಸೆಯನ್ನು ನಂಬಬೇಡಿ. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಮಾಲು ಇದು. ಮನೆಗೆ ತರುವಾಗ ಥರ್ಮೋಕೋಲ್ ಡಬ್ಬಿ ಮತ್ತು ಐಸ್ ಬೇಕು, ಫ್ರಿಜ್ಜಿನ ಬಾಗಿಲಲ್ಲಿ ಇಡಬಾರದು.

ಮೊದಲ ಡೋಸ್ ಮರಿಗೆ 5ರಿಂದ 7 ದಿನವಾದಾಗ, ಎರಡನೆಯದು ಸುಮಾರು 4ನೇ ವಾರ. ತಾಯಿಯಿಂದ ಬಂದ ಪ್ರತಿಕಾಯ (ರಕ್ತದಲ್ಲಿನ ರೋಗ ತಡೆಯುವ ಅಂಶ) ಮೊದಲ ಡೋಸನ್ನು ಒಂದಿಷ್ಟು ನುಂಗಿಬಿಡುವುದರಿಂದ ಎರಡನೆಯದನ್ನು ಬಿಡುವಂತಿಲ್ಲ. ಕಣ್ಣಿಗೆ ಒಂದು ಹನಿ ಸಾಕು, ಸುಮಾರು 0.03 ಮಿಲಿ. ಅಂದರೆ 100 ಡೋಸಿಗೆ 3 ಮಿಲಿ ದ್ರಾವಕ. ಕೈಗೆ ಸಿಕ್ಕ ಡ್ರಾಪರ್ ಬಳಸಿದರೆ ಹನಿ 0.05 ಮಿಲಿಯಷ್ಟು ದಪ್ಪ ಬೀಳಬಹುದು, ಆಗ ಅದೇ ಸೀಸೆ 60 ಕೋಳಿಗೇ ಮುಗಿಯುತ್ತದೆ. ಡ್ರಾಪರನ್ನು ನೆಟ್ಟಗೆ ಹಿಡಿಯಿರಿ, ತುದಿ ಕಣ್ಣಿಗೆ ತಾಗದಿರಲಿ. ಹನಿ ಬಿದ್ದ ತಕ್ಷಣ ಕೋಳಿಯನ್ನು ಬಿಡಬೇಡಿ. ಅದು ಒಮ್ಮೆ ರೆಪ್ಪೆ ಬಡಿದು ಹನಿ ಒಳಗೆ ಇಳಿಯಲಿ. ದ್ರಾವಕದಲ್ಲಿ ನೀಲಿ ಬಣ್ಣವಿದ್ದರೆ ಸ್ವಲ್ಪ ಹೊತ್ತಿಗೆ ನಾಲಿಗೆಯ ಮೇಲೆ ನೀಲಿ ಕಾಣಿಸುತ್ತದೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಕುಡಿಯುವ ನೀರಲ್ಲಿ ಕೊಡುವುದು ಸುಲಭ, ಆದರೆ ಹೆಚ್ಚು ಎಡವುವುದೂ ಅಲ್ಲೇ. ನಲ್ಲಿ ನೀರಿನ ಕ್ಲೋರಿನ್ ಲಸಿಕೆಯ ವೈರಸ್ಸನ್ನೇ ಕೊಲ್ಲುತ್ತದೆ. ಲೀಟರಿಗೆ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಮೊದಲು ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು ಲಸಿಕೆ ಸೇರಿಸಬೇಕು. ಕೋಳಿಗಳಿಗೆ ಒಂದೆರಡು ಗಂಟೆ ನೀರು ನಿಲ್ಲಿಸಿರಬೇಕು, ಬೆರೆಸಿದ್ದು ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಹಿತ್ತಲ ಕೋಳಿಗೆ ಇದೆಲ್ಲ ನಡೆಯದ ಮಾತು, ಅದು ಬಚ್ಚಲ ನೀರು ಕುಡಿದು ಬಂದಿರುತ್ತದೆ. ಕಣ್ಣಿನ ಹನಿಯೇ ಸರಿ. ಹಾಕಿದ ಮೇಲೆ ಕೆಲವು ದಿನ ಸಣ್ಣ ಸೀನು ಸಹಜ. ಮೊದಲೇ ಗೊರಗೊರ ಉಸಿರಾಡುವ ಕೋಳಿಗಳಿದ್ದರೆ ಅದು ವಾಸಿಯಾಗುವ ತನಕ ತಡೆಯಿರಿ. ನಿಮ್ಮ ಕಣ್ಣಿಗೆ ಹನಿ ಸಿಡಿದರೆ ಕಣ್ಣು ಕೆಂಪಾಗಿ ಉರಿಯುತ್ತದೆ, ಕೈ ತೊಳೆಯದೆ ಮುಖ ಮುಟ್ಟಬೇಡಿ.

ನಮ್ಮ ತಕರಾರು ಸೀಸೆಯ ಗಾತ್ರದ ಮೇಲೆ. ಒಮ್ಮೆ ಕಲಸಿದ ಲಸಿಕೆ ಎರಡು ಗಂಟೆಯೊಳಗೆ ಮುಗಿಯಬೇಕು, ನಾಳೆಗೆ ಇಡುವಂತಿಲ್ಲ. ಹನ್ನೆರಡು ಕೋಳಿಯವರು 100 ಡೋಸಿನ ಸೀಸೆ ಕೊಂಡರೆ 88 ಡೋಸ್ ಕಸಕ್ಕೆ. ಕೇರಿಯವರೆಲ್ಲ ಸೇರಿ ಒಂದೇ ದಿನ, ಕೋಳಿ ಗೂಡಿಂದ ಬಿಡುವ ಮುಂಚೆ ಹಾಕಿಸಿದರಷ್ಟೇ ಲೆಕ್ಕ ಕೂಡುತ್ತದೆ. ಬದಲಿಗೆ ಇದೇ ರೋಗದ ಇನ್ನೊಂದು ಲಸಿಕೆಯಾದ ಆರ್2ಬಿ ಚುಚ್ಚುಮದ್ದು ತರೋಣವೆಂದರೆ ಅದು ಮರಿಗಲ್ಲ. 8 ವಾರ ದಾಟಿದ, ಮೊದಲು ಲಸೋಟ ಪಡೆದ ಕೋಳಿಗೆ ಅದು ಒಳ್ಳೆಯದು. ಎಳೆಯವಕ್ಕೆ ಕೊಟ್ಟರೆ ಕಾಲಿನ ಸ್ವಾಧೀನ ತಪ್ಪಬಹುದು.

ಫ್ರಿಜ್ ಬೇಕೆಂಬ ಇನ್ನೊಂದು ಕೊರತೆಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಮದ್ದು ಹುಡುಕಿದರು. ಅವರ ತಂಡ ಆರಿಸಿದ ಐ-2 ತಳಿ ಶಾಖ ತಡೆಯುತ್ತದೆ. ಒಣಗಿಸಿದ ರೂಪದಲ್ಲಿ 28 ಡಿಗ್ರಿಯಲ್ಲೂ ಸುಮಾರು 8 ವಾರ ಬಾಳುತ್ತದೆ. ಲಸಿಕೆ ತಯಾರಿಸಲು ಬೇಕಾದ ಮೂಲ ವೈರಸ್ಸನ್ನು ಬಡ ದೇಶಗಳ ಲ್ಯಾಬುಗಳಿಗೆ ಪುಕ್ಕಟೆ ಹಂಚಿದ್ದು ಇನ್ನೂ ದೊಡ್ಡ ಮಾತು. ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ನಾಲ್ಕು ತಿಂಗಳಿಗೊಮ್ಮೆ ಕಣ್ಣಿಗೆ ಹನಿ ಹಾಕುವ ಪದ್ಧತಿ ಬೆಳೆದದ್ದು ಇದರಿಂದ. ಶಾಖ ತಡೆಯುವ ಲಸಿಕೆ ನಿಮ್ಮೂರ ಅಂಗಡಿಯಲ್ಲಿ ಸಿಕ್ಕರೆ, ಫ್ರಿಜ್ ಇಲ್ಲದ ಮನೆಯವರು ಅದನ್ನೇ ಕೊಳ್ಳಿ. ಬಿಸಿಲಲ್ಲಿಟ್ಟರೆ ಮಾತ್ರ ಅದೂ ಸಾಯುತ್ತದೆ.

ಅಂಕ ಕೊಡುವುದಾದರೆ ಸಾವಿರ ಕೋಳಿಯ ಫಾರಂಗೆ ಲಸೋಟ ಐದಕ್ಕೆ ನಾಲ್ಕೂವರೆ, ಹಿತ್ತಲಿಗೆ ಮೂರು. ಹಾಕಿದ್ದು ಹತ್ತಿತೇ ಎಂಬ ಅನುಮಾನವಿದ್ದರೆ, ಎರಡು ಮೂರು ವಾರದ ಬಳಿಕ ಪಶುವೈದ್ಯರಿಂದ ರೆಕ್ಕೆಯ ನಾಳದ ರಕ್ತ ತೆಗೆಸಿ, ಪ್ರತಿಕಾಯ ಎಷ್ಟಿದೆ ಎಂದು ಅಳೆಯುವ ಎಚ್‌ಐ ಪರೀಕ್ಷೆ ಮಾಡಿಸಿ. ಪ್ರತಿಕಾಯದ ಮಟ್ಟ 1:8 ಅಥವಾ ಮೇಲಿದ್ದರೆ ಸಾಮಾನ್ಯವಾಗಿ ರಕ್ಷಣೆ ಇದೆಯೆಂದು ಲೆಕ್ಕ; ಬಹುಪಾಲು ಕೋಳಿಗಳಲ್ಲಿ ಅದಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ಹಾಕಿಸಿ, ಈ ಸಲ ಬೇರೆ ಅಂಗಡಿಯ ಫ್ರಿಜ್ಜಿನಿಂದ ತಂದು.