ಪೋಲೋಗೆ ಡಬ್ಬಿಯೋ, ರೆಡಿಮೇಡ್ ಫೈಲೋ, ಅಳತೆ ನೋಡಿ ಬರೆದ ಮ್ಯಾಪೋ?

ನನ್ನದು 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಕಾರು. 1.2 ಲೀಟರ್ ಟರ್ಬೋ, ಕಂಪನಿ ಲೆಕ್ಕದಲ್ಲಿ 105 ಪಿಎಸ್ ಪವರ್, 175 ಎನ್‌ಎಂ ಟಾರ್ಕ್ (ಎಳೆಯುವ ಬಲ). ಏರ್ ಫಿಲ್ಟರ್, ಸೈಲೆನ್ಸರ್ ಎರಡನ್ನೂ ಮೊದಲೇ ಬದಲಾಯಿಸಿದ್ದೆ. ಸದ್ದು ಜಾಸ್ತಿ ಆಯಿತು, ಓಟ ಅಷ್ಟೇ.

ಆಮೇಲೆ ಎಂಜಿನ್ನಿನ ಪವರ್ ಹೆಚ್ಚಿಸಲು ಮೂರು ದಾರಿ ನೋಡಿದೆ. ಪರೀಕ್ಷೆ ಮಾತ್ರ ಒಂದೇ: ನಂಜನಗೂಡು ರಸ್ತೆಯಲ್ಲಿ, ಭಾನುವಾರ ಬೆಳಿಗ್ಗೆ ಆರಕ್ಕೆ, ಮೂರನೇ ಗೇರಿನಲ್ಲಿ ಗಂಟೆಗೆ 40ರಿಂದ 80 ಕಿ.ಮೀ. ವೇಗಕ್ಕೆ ಎಷ್ಟು ಹೊತ್ತು ಅಂತ. ಪಕ್ಕದಲ್ಲಿ ಭಾವಮೈದ, ಅವನ ಕೈಯಲ್ಲಿ ಫೋನು. ಏನೂ ಮಾಡಿಸದೆ 5.8 ಸೆಕೆಂಡ್.

ಮೊದಲು ಟ್ಯೂನಿಂಗ್ ಬಾಕ್ಸ್, 18 ಸಾವಿರ. ಸೋಪಿನ ಡಬ್ಬಿಯಷ್ಟಿದೆ. ಟರ್ಬೋ ಊದುವ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸರ್‌ಗೂ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೂ ನಡುವೆ ಕೂತು, ಒತ್ತಡ ಇನ್ನೂ ಕಮ್ಮಿ ಇದೆ ಅಂತ ಇಸಿಯು ಕಣ್ಣಿಗೆ ಮಣ್ಣೆರಚುತ್ತದೆ. ಅದು ನಂಬಿ ಟರ್ಬೋಗೆ ಇನ್ನಷ್ಟು ಊದು ಅನ್ನುತ್ತದೆ. 5.2 ಬಂತು. ಆದರೆ ಪಿಕಪ್ ಒಂದೇ ಸಮ ಇರಲಿಲ್ಲ. ಒಂದು ಮಳೆಯ ಸಂಜೆ ಚಾಮುಂಡಿ ಬೆಟ್ಟ ಹತ್ತುವಾಗ ಇಪಿಸಿ ಲೈಟ್ (ಎಂಜಿನ್ ಪವರ್ ನಿಯಂತ್ರಣದಲ್ಲಿ ತೊಂದರೆ ಅನ್ನುವ ಎಚ್ಚರಿಕೆ ದೀಪ) ಬಂದು ಗಾಡಿ ಸುಸ್ತಾಯಿತು. ಹಿಂದೆ ಬಸ್ಸಿನ ಹಾರ್ನ್. ಬಾನೆಟ್ ಎತ್ತಿ, ಫೋನ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಡಬ್ಬಿ ಕಿತ್ತೆ. ಮತ್ತೆ ಹಾಕಲಿಲ್ಲ.

ಎರಡನೆಯದು ರೀಮ್ಯಾಪ್, ಅಂದರೆ ಇಸಿಯು ಒಳಗಿನ ಲೆಕ್ಕದ ಪಟ್ಟಿಯನ್ನೇ (ಮ್ಯಾಪ್) ಬದಲಿಸುವುದು; ಇದು ರೆಡಿಮೇಡ್ ಫೈಲ್, 28 ಸಾವಿರ. ಅಂಗಡಿ ಹೆಸರು ಬೇಡ. ಲ್ಯಾಪ್‌ಟಾಪ್ ಸಿಕ್ಕಿಸಿದರು, ನಾನು ಟೀ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಇಲ್ಲಿ ಸುಳ್ಳಿಲ್ಲ, ಬೂಸ್ಟ್, ಪೆಟ್ರೋಲ್, ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಕ್ಷಣ) ಎಲ್ಲದರ ಲೆಕ್ಕವೇ ಬದಲಾಗುತ್ತದೆ. 4.6! ಭಾವಮೈದ ಫೋನನ್ನೇ ಅನುಮಾನಿಸಿದ.

ಏಪ್ರಿಲ್ ಬಂತು. ಮಧ್ಯಾಹ್ನ ಎರಡು ಗಂಟೆ, ಎಸಿ ಹಾಕಿ ನಾಲ್ಕು ಜನ ಕೂತು ಅದೇ ರಸ್ತೆಗೆ ಹೋದೆವು. ಎಂಜಿನ್ನಿಂದ ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಸದ್ದು. ನಾಕಿಂಗ್, ಅಂದರೆ ಪೆಟ್ರೋಲ್ ಹದವಾಗಿ ಉರಿಯದೆ ತಾನಾಗಿಯೇ ಸಿಡಿಯುವುದು. ಕೇಬಲ್ ಹಾಕಿ ಇಸಿಯು ಕೊಡುವ ದಾಖಲೆ (ಲಾಗ್) ನೋಡಿದರೆ ಮೂರನೇ ಸಿಲಿಂಡರಿನ ಟೈಮಿಂಗ್ 7 ಡಿಗ್ರಿ ಹಿಂದಕ್ಕೆ ಹೋಗಿತ್ತು. ನಾಕ್ ಆದಾಗ ಎಂಜಿನ್ ಉಳಿಸಲು ಇಸಿಯು ಕಿಡಿಯನ್ನು ತಡಮಾಡುತ್ತದೆ, ಜೊತೆಗೆ ಪವರ್ ಕೂಡ ಇಳಿಯುತ್ತದೆ. ಅವತ್ತು 5.5. ಅಂದರೆ ಡಬ್ಬಿಗಿಂತ ಹಿಂದೆ. (ನಾಲ್ಕು ಜನರ ತೂಕವೂ ಇತ್ತು, ಒಪ್ಪುತ್ತೇನೆ.) ಫೋನ್ ಮಾಡಿದರೆ "ಓಡಿಸಿ ಸಾರ್, ಸೆಟ್ ಆಗತ್ತೆ" ಅಂದರು.

ಮೂರನೆಯದು ನನ್ನ ಗಾಡಿಯ ಅಳತೆ ನೋಡಿ ಬರೆಯುವ ಮ್ಯಾಪ್. ಅದನ್ನು ಮಾಡಿದವರು ಇಸಿಯು ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಹಳೆಯದನ್ನು ಬೆಳಕಿಗೆ ಹಿಡಿದು ನನ್ನ ಮುಖ ನೋಡಿದರು, ಅಷ್ಟೇ. ಹೊಸ ಪ್ಲಗ್ ಹಾಕಿ, ಬಿಸಿಲಲ್ಲೇ ನನ್ನ ಕೈಲಿ ಓಡಿಸಿ, ಲಾಗ್ ನೋಡಿ ತಿದ್ದಿದರು. ಮತ್ತೆ ಓಡಿಸು, ಮತ್ತೆ ತಿದ್ದು. ಮೂರು ಸಲ. ಟಾರ್ಕ್ ಇನ್ನೂ ಏರಿಸಬಹುದಿತ್ತು, ಬೇಡ ಅಂದರು: ಈ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ (ಆಟೋಮ್ಯಾಟಿಕ್ ಗೇರ್‌ಬಾಕ್ಸ್) ತಡೆಯುವುದು 250 ಎನ್‌ಎಂವರೆಗೆ ಮಾತ್ರ, ಅದಕ್ಕಿಂತ ಕೆಳಗೇ ನಿಲ್ಲಿಸೋಣ ಅಂತ. ಬೆಳಿಗ್ಗೆ 4.7. ಅದೇ ನಾಲ್ಕು ಜನ, ಅದೇ ಬಿಸಿಲು, 5.0. ಟೈಮಿಂಗ್ 2 ಡಿಗ್ರಿಗಿಂತ ಹಿಂದೆ ಹೋಗಲಿಲ್ಲ. 40 ಸಾವಿರ ಆಯಿತು, ಬೇಜಾರಿಲ್ಲ.

ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿದ್ದೇನೆ. ವಾರಂಟಿ ಇರುವ ಗಾಡಿ ಆಗಿದ್ದರೆ ನಾನು ಮೂರರಲ್ಲಿ ಒಂದಕ್ಕೂ ಕೈ ಹಾಕುತ್ತಿರಲಿಲ್ಲ.

ಒಂದು ತಾಪತ್ರಯ ಇದೆ. ನನ್ನ ಮ್ಯಾಪ್ ಬರೆದದ್ದು 95 ಆಕ್ಟೇನ್ ಪೆಟ್ರೋಲ್‌ಗೆ; ಸಾದಾ ಪೆಟ್ರೋಲ್‌ಗಿಂತ ನಾಕಿಂಗ್ ತಡೆಯುವ ಶಕ್ತಿ ಅದಕ್ಕೆ ಹೆಚ್ಚು. ಹೋದ ತಿಂಗಳು ಗುಂಡ್ಲುಪೇಟೆ ಕಡೆಯಿಂದ ವಾಪಸ್ ಬರುವಾಗ ನಾನು ನಿಲ್ಲಿಸಿದ ಬಂಕಿನಲ್ಲಿ ಅದು ಖಾಲಿ. ಸಾದಾ ಪೆಟ್ರೋಲ್ ಹಾಕಿಸಿ, ಆಕ್ಸಿಲರೇಟರ್ ಅರ್ಧಕ್ಕಿಂತ ತುಳಿಯದೆ, ಲಾರಿಗಳ ಹಿಂದೆ ಹಿಂದೆ ಮೈಸೂರಿಗೆ ಬಂದೆ.