ತಿಪ್ಪೆಗೂ ಕರೆಂಟಾ? ಗೊಬ್ಬರ ಯಂತ್ರದ ಜೊತೆ ಹದಿನೇಳು ತಿಂಗಳು

ಅಡುಗೆಮನೆಯ ಹಸಿಕಸವನ್ನು ಗೊಬ್ಬರ ಮಾಡುತ್ತದೆ ಅಂತ ಮಾರುವ ಯಂತ್ರವನ್ನು ಅಡುಗೆಕಟ್ಟೆ ಮೇಲಿಟ್ಟು ಪ್ಲಗ್ ಹಾಕಿದ ದಿನ, ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮ್ಮವ್ವ ಕೇಳಿದ್ದು ಒಂದೇ ಮಾತು: "ತಿಪ್ಪೆಗೂ ಕರೆಂಟಾ ಮಗ?"

ಆವತ್ತು ನಕ್ಕು ಸುಮ್ಮನಾದೆ. ಹದಿನೇಳು ತಿಂಗಳಾದ ಮೇಲೆ ಅದಕ್ಕೆ ಉತ್ತರ ಕೊಡುವಷ್ಟು ಅನುಭವ ಆಗಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ಈ ಬಗೆಯ ಯಂತ್ರಗಳು ಹೊರಗೆ ಬಣ್ಣ ಬೇರೆಯಾದರೂ ಒಳಗೆ ಹೆಚ್ಚುಕಮ್ಮಿ ಒಂದೇ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಅವ್ವ, ನಾನು, ನನ್ನ ಹೆಂಡತಿ, ಏಳನೇ ಕ್ಲಾಸಿನ ಮಗಳು. ಮಣ್ಣು ಅಂತ ಇರುವುದು ಟೆರೇಸಿನ ಹನ್ನೆರಡು ಕುಂಡಗಳಲ್ಲಿ ಮಾತ್ರ. ನಗರಪಾಲಿಕೆಯ ಗಾಡಿ ಬರುತ್ತದೆ, ಹಸಿಕಸ ಒಣಕಸ ಬೇರೆ ಮಾಡಿ ಕೊಡಬೇಕು. 2015, 2016ರ ಸ್ವಚ್ಛ ನಗರಗಳ ಪಟ್ಟಿಯಲ್ಲಿ ದೇಶಕ್ಕೇ ಮೊದಲು ಬಂದ ಊರು ಇದು, ವ್ಯವಸ್ಥೆಯ ಮೇಲೆ ನನ್ನ ದೂರೇನಿಲ್ಲ. ದೂರು ನಮ್ಮ ಮೇಲೆಯೇ. ಗಾಡಿ ಬರುವ ಹೊತ್ತಿಗೆ ಒಬ್ಬರು ಸ್ನಾನಕ್ಕೆ ಹೋಗಿರುತ್ತೇವೆ, ಇನ್ನೊಬ್ಬರು ಟಿಫನ್ ಡಬ್ಬಿ ಕಟ್ಟುತ್ತಿರುತ್ತೇವೆ. ಎರಡು ದಿನ ತಪ್ಪಿದರೆ ಬಕೆಟ್ಟಿನ ಮುಚ್ಚಳ ತೆಗೆಯುವ ಹಾಗಿಲ್ಲ. ಊರಿನ ಕಸ ಗುಡ್ಡೆ ಬಿದ್ದಿರುವ ವಿದ್ಯಾರಣ್ಯಪುರಂನ ಸೂಯೆಜ್ ಫಾರಂ ಕಡೆಯಿಂದ ಗಾಳಿ ಬೀಸಿದಾಗ ಮೂಗು ಮುಚ್ಚಿಕೊಂಡವರಿಗೆ, ಆ ಗುಡ್ಡೆಯಲ್ಲಿ ನಮ್ಮ ಮನೆಯ ಪಾಲೂ ಇದೆ ಅನ್ನುವುದು ಮರೆಯುವುದಿಲ್ಲ. ಹಾಗಾಗಿ 27,000 ರೂಪಾಯಿ ಕೊಟ್ಟು ತಂದೆವು.

ಮೊದಲು ತಿಳಿಯಬೇಕಾದ್ದು, ಡಬ್ಬದ ಮೇಲೆ ಏನೇ ಬರೆದಿರಲಿ, ಇದು ಗೊಬ್ಬರ ಮಾಡುವುದಿಲ್ಲ. ಪಾತ್ರೆಯ ತಳ ಕಾಯುತ್ತದೆ, ಅಲಗು ನಿಧಾನಕ್ಕೆ ತಿರುಗುತ್ತಾ ಪುಡಿ ಮಾಡುತ್ತದೆ, ಫ್ಯಾನು ಹಬೆಯನ್ನು ಇದ್ದಿಲಿನ ಫಿಲ್ಟರಿನ ಮೂಲಕ ಹೊರಗೆ ತಳ್ಳುತ್ತದೆ. ಆರರಿಂದ ಎಂಟು ಗಂಟೆ. ತರಕಾರಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ 850 ಗ್ರಾಂ ಹಾಕಿದರೆ ಬೆಳಗ್ಗೆ ಸಿಗುವುದು 120 ಗ್ರಾಂ ಕಂದು ಪುಡಿ. ನೋಡಲು ಹುರಿದ ಕಾಫಿಪುಡಿಯ ಹಾಗೆ, ವಾಸನೆ ಸೀದ ಹಪ್ಪಳದ ಹಾಗೆ. ಗೊಬ್ಬರ ಆಗಬೇಕಾದರೆ ಸೂಕ್ಷ್ಮಜೀವಿಗಳು ತಿನ್ನಬೇಕು, ಅದಕ್ಕೆ ವಾರಗಳು ಬೇಕು. ಒಂದು ರಾತ್ರಿಯ ಬಿಸಿಯಲ್ಲಿ ಆಗುವುದು ಬರೀ ಒಣಗುವ ಕೆಲಸ.

ಇದು ಗೊತ್ತಿಲ್ಲದೆ ಮೊದಲ ತಿಂಗಳು ಪುಡಿಯನ್ನು ನೇರ ಕುಂಡಕ್ಕೆ ಸುರಿದೆ. ನೀರು ಹಾಕಿದ ಮೂರನೇ ದಿನ ಹತ್ತಿ ಹರಡಿದಂತೆ ಬಿಳಿ ಬೂಷ್ಟು, ಐದನೇ ದಿನ ಗಬ್ಬು. ಹತ್ತು ದಿನದಲ್ಲಿ ತುಳಸಿ ಬಾಡಿತು. ಅವ್ವ ಎರಡು ದಿನ ನನ್ನ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. ಆಗಿದ್ದೇನೆಂದರೆ, ಅರೆಬೆಂದ ಪುಡಿ ಮಣ್ಣಿನಲ್ಲಿ ಕೊಳೆಯಲು ಶುರುವಾದಾಗ ಅಲ್ಲಿನ ಸಾರಜನಕವನ್ನೆಲ್ಲ ಸೂಕ್ಷ್ಮಜೀವಿಗಳೇ ಎಳೆದುಕೊಂಡವು, ಗಿಡಕ್ಕೆ ಏನೂ ಉಳಿಯಲಿಲ್ಲ. ಜೊತೆಗೆ ಉಪ್ಪು. ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲದರ ನೀರು ಆರಿಹೋಗುತ್ತದೆ, ಉಪ್ಪು ಪುಡಿಯಲ್ಲೇ ಕೂರುತ್ತದೆ.

ಈಗ ಒಂದು ಪಾಲು ಪುಡಿಗೆ ಮೂರು ಪಾಲು ಹಳೇ ಕುಂಡದ ಮಣ್ಣು, ಒಂದಿಷ್ಟು ತೆಂಗಿನ ನಾರಿನ ಪುಡಿ, ಒಂದು ಲೋಟ ಹುಳಿ ಮಜ್ಜಿಗೆ ಸೇರಿಸಿ ತೂತು ಮಾಡಿದ ಪೇಂಟ್ ಬಕೆಟ್ಟಿನಲ್ಲಿ ಆರು ವಾರ ಇಡುತ್ತೇನೆ. ವಾರಕ್ಕೊಂದು ಸಲ ಕೆದಕಬೇಕು. ಮಣ್ಣಿನ ವಾಸನೆ ಬಂದ ಮೇಲೆಯೇ ಗಿಡಕ್ಕೆ. ಈರನಗೆರೆ ಬದನೆ ಗಿಡ ಈ ಸಲ ಚೆನ್ನಾಗಿ ಕಾಯಿ ಬಿಟ್ಟಿದೆ, ಮೈಸೂರು ಮಲ್ಲಿಗೆ ಮಾತ್ರ ಇನ್ನೂ ಮುನಿಸಿಕೊಂಡೇ ಇದೆ.

ಇನ್ನು ಮುದ್ದೆಯ ಕಥೆ. ಈ ಯಂತ್ರವನ್ನು ತಯಾರಿಸಿದವರು ರಾಗಿಮುದ್ದೆ ನೋಡಿದವರಲ್ಲ ಅಂತ ಕಾಣುತ್ತದೆ. ಒಂದು ರಾತ್ರಿ ಉಳಿದ ಎರಡು ಮುದ್ದೆಯನ್ನು ಬೇರೇನೂ ಸೇರಿಸದೆ ಹಾಕಿಬಿಟ್ಟೆ. ಬೆಳಗ್ಗೆ ನೋಡಿದರೆ ಪಾತ್ರೆಯ ತಳಕ್ಕೆ ಸಿಮೆಂಟ್ ಹಾಕಿ ಅಲಗು ಹುಗಿದ ಹಾಗೆ. ಎರಡು ದಿನ ಬಿಸಿನೀರಲ್ಲಿ ನೆನೆಸಿದೆವು. ಅಷ್ಟಕ್ಕೂ ತಡೆಯದ ಮಗಳು ದೋಸೆ ಸಟ್ಟುಗದಲ್ಲಿ ಕೆರೆದು ಒಳಗಿನ ಲೇಪನವನ್ನೂ ಎಬ್ಬಿಸಿದಳು. ಅದು ವಾರಂಟಿಗೆ ಬರುವುದಿಲ್ಲವಂತೆ. ಅಂದಿನಿಂದ ಮುದ್ದೆ, ಅನ್ನ ಏನೇ ಇದ್ದರೂ ಅದರ ಎರಡರಷ್ಟು ಒಣ ಸಿಪ್ಪೆಯೋ ಕಾಫಿ ಚರಟವೋ ಬೆರೆಸಿಯೇ ಹಾಕುವುದು. ತೆಂಗಿನ ಚಿಪ್ಪು, ಮಾವಿನ ಓಟೆ, ಮಟನ್ ಮೂಳೆ ಬೇಡವೇ ಬೇಡ. ಕೋಳಿ ಮೂಳೆ ಪುಡಿಯಾಗುತ್ತದೆ. ನುಗ್ಗೆಕಾಯಿ ಜಗಿದ ನಾರು ಅಲಗಿಗೆ ಸುತ್ತಿಕೊಳ್ಳುತ್ತದೆ, ಕತ್ತರಿಸಿ ಹಾಕಬೇಕು. ಸೊಗಡಿನ ಅವರೆಕಾಯಿ ಕಾಲದಲ್ಲಿ ಮಾತ್ರ ಯಂತ್ರಕ್ಕೂ ನಮಗೂ ಹಬ್ಬ. ಸಿಪ್ಪೆ ಗರಿಗರಿಯಾಗಿ ಒಣಗುತ್ತದೆ, ಆದರೆ ರಾಶಿ ಎಷ್ಟಿರುತ್ತದೆಂದರೆ ಡಿಸೆಂಬರ್‌ನಲ್ಲಿ ದಿನಕ್ಕೆರಡು ಸಲ ಓಡಿಸಿದ್ದುಂಟು.

ಕರೆಂಟಿನ ಲೆಕ್ಕ ಬೇಕಾದವರಿಗೆ: ಪ್ಲಗ್ಗಿಗೆ ಹಾಕುವ ಮೀಟರಿನಲ್ಲಿ ನೋಡಿದ್ದು ಒಂದು ಸಲಕ್ಕೆ 0.7ರಿಂದ 1.1 ಯೂನಿಟ್, ಕಲ್ಲಂಗಡಿ ಸಿಪ್ಪೆಯಂಥ ನೀರಿನ ಪದಾರ್ಥಕ್ಕೆ ಹೆಚ್ಚು. ದಿನಾ ಓಡಿಸಿದರೆ ತಿಂಗಳಿಗೆ 25 ಯೂನಿಟ್ ಹತ್ತಿರ. ಸಣ್ಣದು ಅನ್ನಿಸಬಹುದು. ಆದರೆ ಗೃಹಜ್ಯೋತಿ ಇರುವ ಮನೆಗಳು ಯೋಚನೆ ಮಾಡಬೇಕು. 2022-23ರ ಸರಾಸರಿಗೆ ಶೇ 10 ಸೇರಿಸಿದಷ್ಟೇ ನಮಗೆ ಉಚಿತ. ನಮ್ಮ ಸರಾಸರಿ 126, ಅಂದರೆ 138ರವರೆಗೆ ಸೊನ್ನೆ ಬಿಲ್ಲು. ಯಂತ್ರ ಬಂದ ತಿಂಗಳಿಂದಲೇ ಆ ಗೆರೆ ದಾಟಿ ಮೇಲಿನ ಯೂನಿಟ್ಟಿಗೆ ದುಡ್ಡು ಕಟ್ಟುತ್ತಿದ್ದೇವೆ. ಬೇಸಿಗೆಯಲ್ಲಿ ಕೂಲರ್ ಸೇರಿ 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಚೆಸ್ಕಾಂ ಬಿಲ್ಲು ಕೈಗೆ ಬಂದಾಗಲೆಲ್ಲ ಅವ್ವನ ಮೊದಲ ಪ್ರಶ್ನೆ ನೆನಪಾಗುತ್ತದೆ. ಫಿಲ್ಟರ್ ಮೂರ್ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕು, ಮಳೆಗಾಲದಲ್ಲಿ ಇನ್ನೂ ಬೇಗ. ತಡಮಾಡಿದರೆ ಮೀನು ತಂದ ದಿನ ಕೆಳಗಿನ ಮನೆಯವರಿಗೂ ಗೊತ್ತಾಗುತ್ತದೆ.

ನಾನು ನಿರೀಕ್ಷೆ ಮಾಡದ ಲಾಭವೊಂದಿದೆ. ಪಾತ್ರೆಗೆ ಹೆಚ್ಚು ತುಂಬಬಾರದೆಂದು ಮೊದಲ ತಿಂಗಳು ಪ್ರತಿದಿನ ತೂಗಿ ಕ್ಯಾಲೆಂಡರಿನಲ್ಲಿ ಬರೆದೆ. "ಕಸ ತೂಗೋ ಮನೆ ಇದೇ ಮೊದ್ಲು ನೋಡಿದ್ದು" ಅಂದಳು ಅವ್ವ. ಸರಾಸರಿ ಬಂದದ್ದು 850 ಗ್ರಾಂ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಭಾರತದ ಮನೆಗಳಲ್ಲಿ ಸಿಪ್ಪೆ ಮೂಳೆ ಸೇರಿ ತಲೆಗೆ ವರ್ಷಕ್ಕೆ 55 ಕಿಲೋ ಅಂದಾಜಿಸಿದೆ, ನಾಲ್ಕು ಜನಕ್ಕೆ ದಿನಕ್ಕೆ ಸುಮಾರು 600 ಗ್ರಾಂ. ನಾವು ಅದಕ್ಕೂ ಮುಂದೆ! ಸಿಪ್ಪೆ ಬೇರೆ, ಬೇಯಿಸಿದ್ದು ಬೇರೆ ತೂಗಿದಾಗ 850ರಲ್ಲಿ 300 ಗ್ರಾಂ ಅನ್ನ, ಸಾರಿನ ಹೋಳು, ಫ್ರಿಜ್ಜಿನ ಹಿಂದೆ ಮರೆತ ಡಬ್ಬಿಗಳು. ಅವ್ವ ರಾತ್ರಿಗೆ ಎರಡು ಪಾವು ಅಕ್ಕಿ ಹಾಕುತ್ತಿದ್ದಳು, "ಯಾರಾದ್ರೂ ಬಂದ್ರೆ" ಅಂತ. ಎಂಟು ಗಂಟೆಯ ಮೇಲೆ ನಮ್ಮ ಮನೆಗೆ ಯಾರೂ ಬಂದು ವರ್ಷಗಳಾದವು. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ. ಕ್ಯಾಲೆಂಡರಿನ ಅಂಕಿ ನೋಡಿ ತಾನೇ ಒಂದೂವರೆ ಪಾವಿಗೆ ಇಳಿಸಿದಳು. ಉಳಿದದ್ದು ಬೆಳಗ್ಗೆ ಚಿತ್ರಾನ್ನ, ಮಾರ್ಚಿ ಬಿಸಿಲಿಗೆ ಸಂಡಿಗೆ. ಈಗ ತೂಗಿದರೆ 560ರ ಆಸುಪಾಸು. ಹಾಗೆ ನೋಡಿದರೆ 600 ರೂಪಾಯಿಯ ತಕ್ಕಡಿಯೇ ಸಾಕಿತ್ತು, ಗೊತ್ತು.

ಹದಿಮೂರನೇ ತಿಂಗಳು, ವಾರಂಟಿ ಮುಗಿದು ಇಪ್ಪತ್ತು ದಿನಕ್ಕೆ, ಅಲಗು ತಿರುಗುವುದು ನಿಂತಿತು. ಮೈಸೂರಿಗೆ ಕಂಪನಿಯ ರಿಪೇರಿ ಹುಡುಗರು ಬರುವುದಿಲ್ಲ, ಬೆಂಗಳೂರಿಗೆ ಕೊರಿಯರ್ ಮಾಡಬೇಕು. ಮೂಲ ಡಬ್ಬ ಬೇಕೆಂದರು, ಅದನ್ನು ಯಾವಾಗಲೋ ಗುಜರಿಗೆ ಹಾಕಿದ್ದೆ. 26 ದಿನ, 3,400 ರೂಪಾಯಿ. ಫೋನು ಮಾಡಿದಾಗಲೆಲ್ಲ "ನಾಳೆ ಡಿಸ್ಪ್ಯಾಚ್ ಸರ್". ಕೊಳ್ಳುವ ಮುಂಚೆ ರಿಪೇರಿ ಎಲ್ಲಿ ಮಾಡುತ್ತಾರೆ ಅಂತ ಕೇಳಿ, ಬಣ್ಣ ಆಮೇಲೆ ಆರಿಸಿದರಾಯಿತು.

ಆ 26 ದಿನ ಅವ್ವ ಕಾರ್ಯಭಾರ ವಹಿಸಿಕೊಂಡಳು. ಎರಡನೇ ಪೇಂಟ್ ಬಕೆಟ್ಟಿಗೆ ಸುತ್ತ ತೂತು, ತಳಕ್ಕೆ ಒಣಗಿದ ಎಲೆ, ಮೇಲೆ ಹಸಿ ಸಿಪ್ಪೆ, ಮತ್ತೆ ಎಲೆ, ಮೇಲೊಂದು ಹಿಡಿ ಮಣ್ಣು. ಎಲೆ ಕಮ್ಮಿಯಾದ ದಿನ ಗುಂಗುರು ಮುತ್ತಿದವು, ಹೆಚ್ಚು ಹಾಕಿದರೆ ಹೋದವು. ಎರಡೂವರೆ ತಿಂಗಳಿಗೆ ನಿಜವಾದ ಕಪ್ಪು ಗೊಬ್ಬರ ಸಿಕ್ಕಿತು, ಕರೆಂಟಿಲ್ಲದೆ. ಸರಸ್ವತಿಪುರಂನ ನನ್ನ ಸ್ನೇಹಿತ ಬೊಕಾಶಿ ಮಾಡುತ್ತಾನೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆರೆಸಿದ ತೌಡು ಉದುರಿಸಿ ಗಾಳಿಯಾಡದ ಡಬ್ಬದಲ್ಲಿ ಎರಡು ವಾರ ಹುಳಿ ಬರಿಸುವುದು. ಅನ್ನ, ಮಾಂಸವೂ ನಡೆಯುತ್ತದೆ, ಕೊನೆಗೆ ಹೂಳಲು ಮಣ್ಣು ಬೇಕು ಅಷ್ಟೆ. ಅವನಿಗೆ ಹಿತ್ತಲಿದೆ.

ಯಂತ್ರ ವಾಪಸ್ ಬಂದ ಮೇಲೆ ಮನೆಯಲ್ಲಿ ಕೆಲಸ ಹಂಚಿಕೆಯಾಗಿದೆ. ಹಸಿ ಸಿಪ್ಪೆ, ಸೊಪ್ಪಿನ ಕಡ್ಡಿ, ಕಾಫಿ ಚರಟ ಬಹುಪಾಲು ಅವ್ವನ ಬಕೆಟ್ಟಿಗೆ. ಬೇಯಿಸಿದ್ದು, ಭಾನುವಾರದ ಕೋಳಿ ಮೂಳೆ, ಮೀನಿನ ಮುಳ್ಳು ಯಂತ್ರಕ್ಕೆ, ಅದನ್ನು ತೆರೆದ ಬಕೆಟ್ಟಿಗೆ ಹಾಕಿದರೆ ಬೆಕ್ಕು, ಹೆಗ್ಗಣ ಬರುತ್ತವೆ. ಬೆರೆಸಲಿಕ್ಕೆ ಒಂದಿಷ್ಟು ಸಿಪ್ಪೆ ಎತ್ತಿಡುತ್ತೇವೆ. ವಾರಕ್ಕೆ ಮೂರು ಸಲ ಓಡಿಸಿದರೆ ಸಾಕು, ತಿಂಗಳಿಗೆ ಹತ್ತು ಹನ್ನೆರಡು ಯೂನಿಟ್.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮಾಂಸ ಮೀನು ಮಾಡುವ, ಮಣ್ಣಿಲ್ಲದ ಅಪಾರ್ಟ್‌ಮೆಂಟ್ ಮನೆಗೆ ಇದು ಉಪಯೋಗಕ್ಕೆ ಬರುತ್ತದೆ. ಬರೀ ಸಸ್ಯಾಹಾರದ, ಟೆರೇಸ್ ಇರುವ ಮನೆಯಾದರೆ ಎರಡು ಪೇಂಟ್ ಬಕೆಟ್ ಸಾಕು. ಇನ್ನೊಂದು ಸಲ ಕೆಟ್ಟರೆ ರಿಪೇರಿ ಮಾಡಿಸುವೆನೋ ಇಲ್ಲವೋ ಹೇಳಲಾರೆ. ಡಬ್ಬವನ್ನಂತೂ ಈ ಸಲ ಅಟ್ಟದ ಮೇಲೆ ಇಟ್ಟಿದ್ದೇನೆ.