ಮೊದಲ ಬಿಸಿನೆಸ್ ಟ್ರಿಪ್ಪಿಗೆ ಹೋಟೆಲ್ಲಾ, ಸರ್ವೀಸ್ ಅಪಾರ್ಟ್‌ಮೆಂಟಾ?

ಮೊದಲ ಸಲ ಆಫೀಸ್ ಕೆಲಸಕ್ಕೆ ಹೊರದೇಶಕ್ಕೆ ಹೋಗ್ತಿದೀನಿ, ಎಲ್ಲಿ ಇರ್ಲಿ ಅಂತ ಕೇಳಿದ್ರಲ್ಲ, ನಾನು ಹೋಟೆಲ್, ಸರ್ವೀಸ್ ಅಪಾರ್ಟ್‌ಮೆಂಟ್ (ಅಡುಗೆಮನೆ ಸಮೇತ ಸ್ವಲ್ಪ ದಿನಕ್ಕೆ ಬಾಡಿಗೆಗೆ ಸಿಗೋ ಮನೆ) ಎರಡರಲ್ಲೂ ಇದ್ದು ನೋಡಿದೀನಿ.

ಮೊದಲೆರಡು ಮೂರು ದಿನ ಜೆಟ್ ಲ್ಯಾಗೇ ದೊಡ್ಡ ವಿಷ್ಯ, ದೇಹ ಹೊಸ ಟೈಮಿಗೆ ದಿನಕ್ಕೆ ಸುಮಾರು 1 ಗಂಟೆಯಷ್ಟೇ ಹೊಂದ್ಕೊಳ್ಳೋದು, ಹಾಗಾಗಿ ರಾತ್ರಿ 3ಕ್ಕೆ ಎಚ್ಚರ ಆಗಿ ಹೊಟ್ಟೆ ಚುರುಗುಟ್ಟುತ್ತೆ, ಆಗ ಅಪಾರ್ಟ್‌ಮೆಂಟಲ್ಲಿ ಅಡುಗೆಮನೆ ಇರೋದ್ರಿಂದ ಏನೋ ಬಿಸಿ ಮಾಡ್ಕೊಂಡು ತಿಂದು ಲ್ಯಾಪ್‌ಟಾಪ್ ತೆಗೆದು ಕೂರಬಹುದು, ಹೋಟೆಲಲ್ಲಾದ್ರೆ ಬಹಳ ಸಲ ತಿಂಡಿ ಟೈಮಿಗೇ ಕಾಯ್ಬೇಕು. ಆದ್ರೆ ಫ್ಲೈಟ್ ಲೇಟಾಗಿ ನಡುರಾತ್ರಿ ಇಳಿದಾಗ ಹೋಟೆಲ್ ರಿಸೆಪ್ಷನ್ನಲ್ಲಿ ಯಾರೋ ಇರ್ತಾರೆ ಅನ್ನೋ ಧೈರ್ಯ ಚಿಕ್ಕದಲ್ಲ. ಒಂದ್ಸಲ ಅಪಾರ್ಟ್‌ಮೆಂಟ್ ಬಾಗಿಲ ಕೋಡ್ ಕೆಲಸ ಮಾಡ್ದೆ ಸೂಟ್‌ಕೇಸ್ ಹಿಡ್ಕೊಂಡು ಹೊರಗೇ ನಿಂತಿದ್ದೆ, ಬೆಳಿಗ್ಗೆ ಮೀಟಿಂಗ್ ಬೇರೆ, ಅಳುನೇ ಬಂದಿತ್ತು.

ಖರ್ಚು ನೋಡಿದ್ರೆ, ವಾರ ದಾಟಿದ್ಮೇಲೆ ಸಾಮಾನ್ಯವಾಗಿ ಅಪಾರ್ಟ್‌ಮೆಂಟೇ ಅಗ್ಗ, ವಾಷಿಂಗ್ ಮಷೀನೂ ಇದ್ರೆ ಬಟ್ಟೆ ಕಮ್ಮಿ ಒಯ್ಯಬಹುದು. 2-3 ದಿನಕ್ಕೆ ಕ್ಲೀನಿಂಗ್ ಚಾರ್ಜ್ ಎಲ್ಲ ಸೇರಿದ್ರೆ ಏನೂ ಉಳಿಯಲ್ಲ. ಕಂಪನಿ ಹೆಸರಲ್ಲಿ ಬಿಲ್ ಬೇಕಂದ್ರೆ ಹೋಟೆಲ್ ಸಲೀಸು.

ಒಬ್ರೇ ಹೋಗ್ತಿದ್ದು ನಾಲ್ಕು ದಿನದೊಳಗೆ ವಾಪಸ್ ಅಂದ್ರೆ ಹೋಟೆಲ್. ಎರಡು ವಾರ ಇರ್ಬೇಕು, ಇಲ್ಲಾ ಊಟದಲ್ಲಿ ಪಥ್ಯ ಇದೆ ಅಂದ್ರೆ ಅಪಾರ್ಟ್‌ಮೆಂಟ್, ಆದ್ರೆ ಮೊದಲ ರಾತ್ರಿ ಮಾತ್ರ ಹೋಟೆಲಲ್ಲಿ ಮಲಗಿ ಮಾರನೇ ದಿನ ಶಿಫ್ಟ್ ಆಗಿ.